ಅಂಗಳವಿಲ್ಲದ ರಂಗೋಲಿ

ಮನೆಯ ಮುಂದಿನ ರಂಗೋಲಿಯನ್ನು ನಾವು ಕಲೆಯೆಂದು ಕರೆಯುವುದು ವಿರಳ. ಆದರೆ ದಾರಿಹೋಕರೆಲ್ಲರಿಗೂ ತೆರೆದಿಟ್ಟ, ಯಾರಿಂದಲೂ ಕಾಸು ಬೇಡದ ಕಲೆ ಅದಲ್ಲದೆ ಮತ್ತಾವುದು? ಬೆನ್ಸನ್ ಟೌನಿನ ನಮ್ಮ ಹಳೆಯ ಮನೆಯ ಮುಂದೆ ನನ್ನ ತಾಯಿಯವರು ನಲವತ್ತು ವರ್ಷ ಈ ಕಾಯಕವನ್ನು ನಡೆಸಿದರು. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟ ಬಳಿಕವೇ ಅವರ ಸ್ನಾನ, ಲಿಂಗಪೂಜೆ. ದಂಡು ರೈಲು ನಿಲ್ದಾಣದತ್ತ ಅವಸರದಲ್ಲಿ ನಡೆಯುವವರೂ ಅದನ್ನು ತುಳಿಯದೆ ಬಳಸಿ ಹೋಗುತ್ತಿದ್ದರು.

ಆ ಮನೆಯನ್ನು ಕೆಡವಿ ಬಹುಮಹಡಿ ಕಟ್ಟಡ ಕಟ್ಟಿಸಲು ಸಹಿ ಹಾಕಿದವನು ನಾನೇ. ಅಂಗಳವಿದ್ದೆಡೆ ಈಗ ಕಾರುಗಳು ನಿಲ್ಲುತ್ತವೆ. ಅವ್ವ ಒಂದು ಮಾತೂ ಆಡಲಿಲ್ಲ.

ಕಳೆದ ಶ್ರಾವಣದ ಒಂದು ಭಾನುವಾರ ಅವರನ್ನು ಮಹಾತ್ಮ ಗಾಂಧಿ ರಸ್ತೆಯ ಮೆಟ್ರೋ ನಿಲ್ದಾಣಕ್ಕೆ ಕರೆದೊಯ್ದೆ. ನಗರದ ಮೊದಲ ಮೆಟ್ರೋ ಬೈಯಪ್ಪನಹಳ್ಳಿಗೂ ಇಲ್ಲಿಗೂ ನಡುವೆ ಸಂಚಾರ ಆರಂಭಿಸಿದ್ದು 2011ರ ಅಕ್ಟೋಬರ್ 20ರಂದು. ಅದಕ್ಕಾಗಿ ರಸ್ತೆಯಂಚಿನ ಹಳೆಯ ಬುಲೆವಾರ್ಡ್ ಹೋಯಿತು. ನೆರಳಿತ್ತ ಮರಗಳು ಉರುಳಿದವು. 2013ರಲ್ಲಿ ಅದೇ ಜಾಗದಲ್ಲಿ, ಹಳಿಗಳ ಮಗ್ಗುಲಲ್ಲಿ, ‘ರಂಗೋಲಿ’ ಎಂಬ ಮೆಟ್ರೋ ಕಲಾಕೇಂದ್ರ ತೆರೆಯಿತು.

ಹೆಸರು ಓದಿದ ಅವ್ವ ಅಲ್ಲಿಯೇ ನಿಂತರು. “ಅಂಗಳ ಹೋದರೂ ಇವರು ಹೆಸರನ್ನಾದ್ರೂ ಉಳಿಸ್ಯಾರಲ್ಲಪ್ಪಾ” ಎಂದರು. ನನಗೆ ಉತ್ತರ ತೋಚಲಿಲ್ಲ.

ಅಲ್ಲಿಂದ ರೈಲು ಎತ್ತರದಿಂದ ನೆಲದೊಳಕ್ಕೆ ಇಳಿಯುತ್ತದೆ. ಮುಂದಿನದೇ ಕಬ್ಬನ್ ಪಾರ್ಕ್ ನಿಲ್ದಾಣ. ಅದು 2016ರಲ್ಲಿ ತೆರೆದದ್ದು. ಸೃಷ್ಟಿ ಕಲಾಸಂಸ್ಥೆಯ ವಿದ್ಯಾರ್ಥಿಗಳು ‘ಆರ್ಟ್ ಇನ್ ಟ್ರಾನ್ಸಿಟ್’ ಯೋಜನೆಯನ್ನು ಪೀಣ್ಯ ನಿಲ್ದಾಣದಲ್ಲಿ ತೊಡಗಿ, ಬಳಿಕ ಇಲ್ಲಿಯ ಗೋಡೆಗಳನ್ನೂ ಚಿತ್ರಗಳಿಂದ ಮಾತನಾಡಿಸಿದರು. ಜನ ನಿಲ್ಲದೆ ಸಾಗುತ್ತಿದ್ದರು. ಅವ್ವ ಮಾತ್ರ ನೆಲ ಒರೆಸುತ್ತಿದ್ದ ಹೆಣ್ಣುಮಗಳ ಬಳಿಗೆ ಹೋಗಿ, “ಈ ಗ್ವಾಡಿನೂ ದಿನಾ ನೀನ ಒರಸ್ತೀಯೇನವ್ವಾ?” ಎಂದು ಕೇಳಿದರು. ಆಕೆ ನಕ್ಕು ತಲೆಯಾಡಿಸಿದಳು.

ಆಗ ನನಗೆ ಹೊಳೆಯಿತು. ಗೋಡೆ ಸ್ಥಾವರ. ಅದರ ಮೇಲಿನ ಕಲೆಯನ್ನು ಜಂಗಮವಾಗಿಸುವುದು ನೋಡುವ ಕಣ್ಣು, ದಿನವೂ ದುಡಿಯುವ ಕೈ. ರಂಗೋಲಿ ಸಂಜೆಗೆ ಅಳಿಸಿದರೂ ಬದುಕಿದ್ದುದು ಮರುದಿನ ಅವ್ವನ ಕೈ ಮತ್ತೆ ಬಾಗುತ್ತಿದ್ದುದರಿಂದ. ನಾನು ಕಸಿದದ್ದು ಬರಿಯ ನೆಲವನ್ನಲ್ಲ, ಆ ಕಾಯಕವನ್ನು.

ಮರುದಿನ ಮುಂಜಾನೆ ನೆರೆಯವರ ಒಪ್ಪಿಗೆ ಪಡೆದು, ಗೇಟಿನ ಬಳಿ ಎರಡಡಿ ಜಾಗವನ್ನು ನಾನೇ ತೊಳೆದೆ. ಬಾಗಲಾರದ ಅವ್ವ ಕುರ್ಚಿಯಲ್ಲಿ ಕುಳಿತು ಚುಕ್ಕೆಗಳನ್ನು ಎಣಿಸಿ ಹೇಳಿದರು, ಮೊಮ್ಮಗಳು ಇಟ್ಟಳು. ಗೆರೆ ಸೊಟ್ಟಗಿತ್ತು. “ಇರಲಿ, ನಾಳೆ ನೆಟ್ಟಗಾಗ್ತದ” ಎಂದರು ಅವ್ವ.

ನಮ್ಮ ದಂಡು ಪ್ರದೇಶಕ್ಕೂ ಕಾಳೇನ ಅಗ್ರಹಾರ–ನಾಗವಾರ ಮಾರ್ಗದ ಭೂಗತ ನಿಲ್ದಾಣವೊಂದು ಸೇರಿದೆ. ಅದರ ಗೋಡೆಗಳ ಮೇಲೆ ಯಾರು ಏನು ಬರೆದರೂ, ದಿನನಿತ್ಯ ಅದನ್ನು ನಮ್ಮದೆಂದು ಕಾಣುವ ಕಣ್ಣು ನಮಗಿರಲಿ.