ಕಪ್ಪು ಕವರು, ಕಂದು ನಾರು

ತಿಪಟೂರು ಸೀಮೆಯಲ್ಲಿ ತೆಂಗಿನ ಸಸಿಗೆ ಯಾರೂ ಕುಂಡ ಹುಡುಕಿದವರಲ್ಲ. ಬಿತ್ತನೆ ಕಾಯಿಯನ್ನು ಮರಳು ಮಡಿಯಲ್ಲಿ ಅಡಿಗೊಂದರಂತೆ ಹೂತು ನೀರು ಕೊಟ್ಟರೆ ಮೂರು ನಾಲ್ಕು ತಿಂಗಳಿಗೆ ಮೊಳಕೆ ಮೇಲೇಳುತ್ತಿತ್ತು. ಬೇರು ಮೊದಲು ಮಟ್ಟೆಯೊಳಗೇ ಹರಿದಾಡಿ, ಅದನ್ನು ಸೀಳಿಕೊಂಡು ಆಮೇಲೆ ಮಣ್ಣಿಗೆ ಇಳಿಯುತ್ತಿತ್ತು. ವರ್ಷದ ಸಸಿಯನ್ನು ಹಾರೆಯಿಂದ ಮೀಟಿ ಕಾಯಿಸಮೇತ ಎತ್ತಿ ಗಾಡಿಗೆ ಹೇರಿದರೆ ಮುಗಿಯಿತು. ಗರಿ ಹಿಡಿದು ಕಿತ್ತವರಿಗೆ ಮಾತ್ರ ಬೈಗುಳ ತಪ್ಪುತ್ತಿರಲಿಲ್ಲ.

ಮಿಕ್ಕ ಗಿಡಗಳ ಕಥೆ ಇಷ್ಟು ಸುಲಭದ್ದಲ್ಲ. ಕಸಿ ಮಾವು ಮಣ್ಣಿನ ಕುಂಡದಲ್ಲಿ ಬರುತ್ತಿತ್ತು. ತಾಯಿಮರದ ಸುತ್ತ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಪುಟ್ಟ ಕುಂಡಗಳನ್ನು ಸಾಲಾಗಿ ಇಟ್ಟು, ಕುಂಡದ ಗಿಡಕ್ಕೂ ಮರದ ರೆಂಬೆಗೂ ಸಿಪ್ಪೆ ಸವರಿ ಬಿಗಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎತ್ತಿನ ಗಾಡಿಯಲ್ಲಿ ಸಾಗಿಸುವಾಗ ಒಂದಷ್ಟು ಕುಂಡ ಒಡೆಯುವುದು ವ್ಯಾಪಾರದ ಲೆಕ್ಕದಲ್ಲೇ ಸೇರಿರುತ್ತಿತ್ತು. ಸರ್ವೆ ಸಸಿಯನ್ನು ಮಡಿಯಿಂದ ಕಿತ್ತು, ಬೇರನ್ನು ಕೆಸರಿಗೆ ಅದ್ದಿ, ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸುತ್ತಿದ್ದರು.

ಇದೆಲ್ಲ ಬದಲಾದದ್ದು ಸಾಮಾಜಿಕ ಅರಣ್ಯ ಬಂದ ಮೇಲೆ. 1983ರಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ಶುರುವಾದ ಆ ಯೋಜನೆಗೆ ಬೇಕಿದ್ದದ್ದು ಲಕ್ಷಗಟ್ಟಲೆ ಸಸಿ, ಅದೂ ಮುಂಗಾರಿನ ಮೊದಲ ಮಳೆಗೆ ಸರಿಯಾಗಿ. ಅಷ್ಟಕ್ಕೆ ಕುಂಡ ಸುಡುವ ಕುಂಬಾರರು ಎಲ್ಲಿಂದ ಬರಬೇಕು? ಕಪ್ಪು ಪಾಲಿಥೀನ್ ಕವರು ಕೆ.ಜಿ. ಲೆಕ್ಕದಲ್ಲಿ ಬಂಡಲ್ ಕಟ್ಟಿಕೊಂಡು ಬಂತು. ಐದು-ಎಂಟು, ಆರು-ಒಂಬತ್ತು, ಎಂಟು-ಹನ್ನೆರಡು ಎಂದು ಇಂಚಿನಲ್ಲಿ ಅದರ ಹೆಸರು. ಇವತ್ತಿಗೂ ಅರಣ್ಯ ಇಲಾಖೆಯವರು ಸಸಿಗೆ ಬೆಲೆ ಕಟ್ಟುವುದು ಕವರಿನ ಅಳತೆ ಹಿಡಿದೇ.

ನಮ್ಮವ್ವ ಆ ಯೋಜನೆಯ ನರ್ಸರಿಯಲ್ಲಿ ಕೂಲಿ ಮಾಡಿದವಳು. ಕೆಂಪು ಮಣ್ಣು, ಮರಳು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಬೆರೆಸಿದ ಗುಡ್ಡೆಯ ಸುತ್ತ ಹೆಂಗಸರು ಕುಕ್ಕರಗಾಲಲ್ಲಿ ಕೂರುವರು. ಅಂಟಿಕೊಂಡ ಕವರಿನ ಬಾಯಿಯನ್ನು ಎರಡು ಬೆರಳಲ್ಲಿ ಉಜ್ಜಿ ಬಿಡಿಸಿ, ತೆಂಗಿನ ಚಿಪ್ಪಿನಲ್ಲಿ ಮೂರು ಸಲ ಮಣ್ಣು ಹಾಕಿ, ನೆಲಕ್ಕೆ ಎರಡು ಕುಟ್ಟು ಕುಟ್ಟಿ, ಮತ್ತೊಂದು ಚಿಪ್ಪು ಸುರಿದು ಪಕ್ಕಕ್ಕಿಡುವುದು. ಕುಟ್ಟದಿದ್ದರೆ ನೀರು ಬಿದ್ದ ಕೂಡಲೇ ಮಣ್ಣು ಕುಸಿದು ಕವರು ಸೊಂಟ ಮುರಿದುಕೊಂಡು ವಾಲುತ್ತದೆ. ಮಾತು ನಿಲ್ಲುತ್ತಿರಲಿಲ್ಲ, ಕೈಯೂ ನಿಲ್ಲುತ್ತಿರಲಿಲ್ಲ. ತುಂಬಿದ ಕವರಿನ ಲೆಕ್ಕದ ಮೇಲೆ ಕಾಸು.

ಕವರನ್ನು ಬೈಯುವುದು ಈಗಿನ ಫ್ಯಾಷನ್. ಆದರೆ ಬಡ ರೈತನ ಹೊಲದ ಬದುವಿಗೆ ಗಿಡ ತಲುಪಿಸಿದ್ದು ಅದೇ. ಹಗುರ, ಒಡೆಯದು, ನೀರು ಹಿಡಿದಿಡುತ್ತದೆ, ಒಂದು ಲಾರಿಗೆ ಸಾವಿರಾರು ಸಸಿ ಹಿಡಿಯುತ್ತವೆ. ತೊಂದರೆ ಕಂಡದ್ದು ನಿಧಾನವಾಗಿ. ಕವರಿನಲ್ಲಿ ಹೆಚ್ಚು ದಿನ ಉಳಿದ ಸಸಿಯ ತಾಯಿಬೇರು ತಳಕ್ಕೆ ಮುಟ್ಟಿ ಸುರುಳಿ ಸುತ್ತುತ್ತದೆ. ನೆಟ್ಟ ಮೇಲೂ ಅದು ಆ ಸುರುಳಿ ಬಿಡುವುದಿಲ್ಲ. ಮೇಲೆ ಹಸಿರಾಗಿಯೇ ಇದ್ದ ಸಿಲ್ವರ್ ಓಕ್ ಒಂದು ಗಾಳಿಮಳೆಗೆ ಬುಡಸಮೇತ ಮಲಗಿದಾಗ ನೋಡಬೇಕು: ಬೇರೆಲ್ಲ ಹಗ್ಗದ ಸಿಂಬೆ. ಇನ್ನು ಜುಲೈ ಮೊದಲ ವಾರದ ವನಮಹೋತ್ಸವ. ಗಣ್ಯರು ಫೋಟೋಕ್ಕೆ ನಿಂತು, ಕವರನ್ನೂ ಹರಿಯದೆ ಗುಂಡಿಗಿಟ್ಟು ಮಣ್ಣು ಎಳೆದು ಹೋದದ್ದನ್ನು ಎಷ್ಟು ಕಡೆ ಕಂಡಿಲ್ಲ! ಹರಿದವರು ಅಲ್ಲೇ ಎಸೆದು ಹೋಗುವರು. ಗಿಡ ಒಣಗಿಹೋದ ಗುಂಡಿಯ ಪಕ್ಕದಲ್ಲಿ ಕವರು ಮಾತ್ರ ಗಟ್ಟಿಮುಟ್ಟಾಗಿ ಬಿದ್ದಿರುತ್ತಿತ್ತು.

2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿತು. ನರ್ಸರಿ ಕಸುಬಿನ ನಾವೆಲ್ಲ ಒಂದು ವಾರ ಎದೆ ಹಿಡಿದುಕೊಂಡಿದ್ದೆವು. ಆಮೇಲೆ ನೋಡಿದರೆ, ಸರ್ಕಾರಿ ಇಲಾಖೆಗಳ ಬೇಡಿಕೆಯ ಮೇಲೆ ಅರಣ್ಯ ಮತ್ತು ತೋಟಗಾರಿಕೆ ನರ್ಸರಿಗೆ ಒದಗಿಸುವ ಕವರಿಗೆ ವಿನಾಯಿತಿ ಇತ್ತು. ಮರ ಬೆಳೆಸಲು ಪ್ಲಾಸ್ಟಿಕ್ ಬೇಕೇ ಬೇಕು ಎಂದು ಕಾನೂನೇ ಒಪ್ಪಿಕೊಂಡ ಹಾಗಾಯಿತು.

ಅಷ್ಟರಲ್ಲಿ ತಿಪಟೂರಿನ ಬಿ.ಎಚ್. ರಸ್ತೆಯ ಇಕ್ಕೆಲದಲ್ಲೂ ನಾರಿನ ಫ್ಯಾಕ್ಟರಿಗಳು ಎದ್ದಿದ್ದವು. ನಮ್ಮದು ಉಂಡೆಕೊಬ್ಬರಿಯ ನಾಡು. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ, ಒಳಗಿನ ನೀರು ಬತ್ತಿ, ಆಮೇಲೆ ಸುಲಿಸಿಕೊಳ್ಳುತ್ತದೆ. ಉಳಿದ ಒಣ ಮಟ್ಟೆ ಬಚ್ಚಲೊಲೆಗೆ ಹೋಗುತ್ತಿತ್ತು, ಇಲ್ಲವೇ ತೆಂಗಿನ ಪಾತಿಗೆ. ಅದನ್ನೇ ಟ್ರ್ಯಾಕ್ಟರಿನಲ್ಲಿ ಕೊಂಡೊಯ್ಯತೊಡಗಿದರು. ಯಂತ್ರ ನಾರನ್ನು ಒಂದು ಕಡೆ, ಪುಡಿಯನ್ನು ಇನ್ನೊಂದು ಕಡೆ ಉಗುಳುತ್ತಿತ್ತು. ಮೊದಮೊದಲು ಆ ಪುಡಿ ಯಾರಿಗೂ ಬೇಡ. ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದು, ಮಳೆಗೆ ಕಾಫಿ ಬಣ್ಣದ ನೀರು ಪಕ್ಕದ ಹೊಲಕ್ಕೆ ಹರಿದು, ಪಂಚಾಯ್ತಿಯಲ್ಲಿ ಜಗಳ. ಈಗ ಅದೇ ಕೊಕೊಪಿಟ್. ತೊಳೆದು ಉಪ್ಪಿನಂಶ ಕಳೆದು, 5 ಕೆ.ಜಿ.ಯ ಇಟ್ಟಿಗೆಯಾಗಿ ಒತ್ತಿ ಹೊರದೇಶಕ್ಕೆ ಕಳಿಸುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಸಸಿ ಹುಟ್ಟುವುದೂ 98 ಗುಣಿಯ ಟ್ರೇಯೊಳಗಿನ ಇದೇ ಪುಡಿಯಲ್ಲಿ. ಟ್ರೇ ಮಾತ್ರ ಪ್ಲಾಸ್ಟಿಕ್ಕಿನದು.

ನಾರಿನ ಕುಂಡ ನಾನು ಮೊದಲು ನೋಡಿದ್ದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮಳಿಗೆಯಲ್ಲಿ. ನಾರನ್ನು ಹಾಸಿನಂತೆ ಸೂಜಿಯಿಂದ ಹೆಣೆದು, ರಬ್ಬರ್ ಹಾಲು ಸಿಂಪಡಿಸಿ, ಅಚ್ಚಿನಲ್ಲಿ ಬಿಸಿ ಕೊಟ್ಟು ಒತ್ತಿದ್ದು. ನಮ್ಮೂರ ಬಚ್ಚಲೊಲೆಯ ಸೌದೆಗೆ ಬೆಂಗಳೂರಿನವರು ಕೊಡುತ್ತಿದ್ದ ದುಡ್ಡು ನೋಡಿ ನಗು ಬಂತು. ಆದರೂ ಒಂದಷ್ಟು ತಂದು ನಮ್ಮ ನರ್ಸರಿಯಲ್ಲಿ ಇಟ್ಟೆ.

ಅದರ ಗುಣ ಬೇರೆಯೇ. ಪಕ್ಕೆಯಿಂದ ಗಾಳಿ ಆಡುವುದರಿಂದ ಹೊರಬಂದ ಬೇರಿನ ತುದಿ ತಾನೇ ಒಣಗಿ ನಿಲ್ಲುತ್ತದೆ. ಸುತ್ತುವುದಿಲ್ಲ, ಒಳಗೆ ಹೊಸ ಕವಲು ಒಡೆಯುತ್ತದೆ. ಆದರೆ ಕವರಿನ ಹಾಗೆ ಒತ್ತೊತ್ತಾಗಿ ನೆಲದ ಮೇಲೆ ಜೋಡಿಸಿದರೆ ಈ ಕುಂಡದ ಬೇರು ಪಕ್ಕದ ಕುಂಡಕ್ಕೆ ನುಗ್ಗುತ್ತದೆ, ಬಿಡಿಸುವಾಗ ಎರಡೂ ಹರಿಯುತ್ತವೆ. ಜಾಲರಿಯ ಮೇಲೆ ಬೆರಳು ಹೋಗುವಷ್ಟು ಸಂದು ಬಿಟ್ಟು ಇಡಬೇಕು. ನೀರು ದಿನಕ್ಕೊಮ್ಮೆ ಸಾಲದು, ಏಪ್ರಿಲ್ ಬಿಸಿಲಿಗೆ ಎರಡು ಹೊತ್ತು. ನೆಡುವಾಗ ಕುಂಡದ ಅಂಚು ಪೂರ್ತಿ ಮಣ್ಣಿನೊಳಗೆ ಮುಚ್ಚಬೇಕು. ಒಂದಿಂಚು ಮೇಲೆ ಉಳಿದರೂ ಅದೇ ಬತ್ತಿಯಾಗಿ ಒಳಗಿನ ತೇವವನ್ನು ಗಾಳಿಗೆ ಎಳೆದುಬಿಡುತ್ತದೆ. ಕುಷ್ಕಿ ಹೊಲದಲ್ಲಿ ಗೆದ್ದಲಿನ ಕಾಟ ಬೇರೆ. ಇನ್ನು ‘ಮಣ್ಣಲ್ಲಿ ಕರಗುತ್ತದೆ’ ಎಂಬ ಮಾರಾಟದ ಮಾತನ್ನು ಸ್ವಲ್ಪ ತಡೆದು ನಂಬಬೇಕು. ತೆಂಗಿನ ನಾರು ಹಟಮಾರಿ. ವರ್ಷ ಕಳೆದು ಅಗೆದರೂ ಎಳೆ ಕೈಗೆ ಸಿಗುತ್ತದೆ. ಬೇರಿಗೆ ಅದು ಅಡ್ಡಿಯಲ್ಲ, ಅಷ್ಟು ಸಾಕು.

ಅಡ್ಡಿ ಇರುವುದು ದರದಲ್ಲಿ. ಕವರಿನದು ಪೈಸೆ ಲೆಕ್ಕ, ನಾರಿನ ಕುಂಡದ್ದು ರೂಪಾಯಿ ಲೆಕ್ಕ. ಸಸಿಗಿಂತ ಕುಂಡವೇ ದುಬಾರಿಯಾದರೆ ರೈತ ಯಾಕೆ ಕೊಂಡಾನು? ಹಾಗಾಗಿ ಹೊಂಗೆ, ಬೇವು, ನೆಲ್ಲಿ ಈಗಲೂ ಕವರಿನಲ್ಲೇ. ಪಪ್ಪಾಯಿ ಮಾತ್ರ ನಾರಿನಲ್ಲಿ, ಯಾಕೆಂದರೆ ಬೇರು ಅಲುಗಿದರೆ ಅದು ಮುನಿಸಿಕೊಂಡು ಕೂರುವ ಗಿಡ. ಹೋದ ಮುಂಗಾರಿನಲ್ಲಿ ಹೊಸದುರ್ಗದ ಕಡೆಯ ರೈತರೊಬ್ಬರು ಪಪ್ಪಾಯಿ ಕೊಳ್ಳಲು ಬಂದು, “ಕುಂಡ ನೀನೇ ಇಟ್ಕೊ, ಗಿಡ ಮಾತ್ರ ಕೊಡಣ್ಣ, ಕಾಸು ಉಳೀತದೆ” ಎಂದರು. “ಕುಂಡ ಬಿಡಿಸಿದ್ರೆ ಗಿಡ ನಿಮ್ದಲ್ಲ ಯಜಮಾನ್ರೆ, ತಿಪ್ಪೇದು” ಎಂದೆ. ಅರ್ಧ ಗಂಟೆ ಚೌಕಾಸಿ ಮಾಡಿ, ಕುಂಡದ ಬೆಲೆಯಲ್ಲಿ ನಾಲ್ಕಾಣೆ ಭಾಗ ಇಳಿಸಿಕೊಂಡೇ ಗಾಡಿ ಹತ್ತಿಸಿದರು.