ನಮ್ಮ ಮನೆಗೆ ಬಂದ ವಿಂಡ್‌ಹುಕ್

ಸರ್ಕಾರಿ ಗುಮಾಸ್ತನ ಬಾಯಲ್ಲಿ ಪತ್ರಿಕಾ ಸ್ವಾತಂತ್ರ್ಯದ ಮಾತು ಬಂದರೆ ಕೇಳಿದವರು ನಗುವುದು ಸಹಜ. ಮೊಸಳೆ ಬಂದು ಕೆರೆಯ ಮೀನುಗಳ ಕ್ಷೇಮಸಮಾಚಾರ ವಿಚಾರಿಸಿದ ಹಾಗೆ! ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ: ಇಲ್ಲಿ ಬರುವ ಅಭಿಪ್ರಾಯಗಳೆಲ್ಲ ನಮ್ಮವು, ಸರ್ಕಾರದವಲ್ಲ. ವಿನಯಕ್ಕಾಗಿ ಆಡಿದ ಮಾತಲ್ಲ ಇದು; ಕೇಂದ್ರ ಸರ್ಕಾರದ ನೌಕರರಿಗಾಗಿ 1964ರಲ್ಲಿ ಮಾಡಿದ ನಡತೆಯ ನಿಯಮಗಳಲ್ಲಿ ಹೀಗೆ ಸ್ಪಷ್ಟಪಡಿಸಬೇಕೆಂದೇ ಇದೆ. ಅದೇ ನಿಯಮಗಳ ಪ್ರಕಾರ ನಾವು ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ. ಕಡತದೊಳಗಿನ ಮಾತನ್ನು ಪತ್ರಿಕೆಯವರ ಕಿವಿಗೆ ಹಾಕುವಂತಿಲ್ಲ. ಆದರೆ ಬೆಳಗಾಗೆದ್ದು ಪತ್ರಿಕೆ ಓದಬಾರದೆಂದು ಯಾವ ನಿಯಮದಲ್ಲಿಯೂ ಬರೆದಿಲ್ಲ. ಓದುವವನಿಗೂ ಈ ಸ್ವಾತಂತ್ರ್ಯದಲ್ಲಿ ಒಂದು ಪಾಲುಂಟು. ನಾವು ಹೇಳಹೊರಟಿರುವುದು ಆ ಪಾಲಿನ ವಿಚಾರ.

ಪ್ರತಿ ವರ್ಷ ಮೇ 3ರಂದು ಪತ್ರಿಕೆಗಳಲ್ಲಿ 'ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನ' ಎಂಬ ಶೀರ್ಷಿಕೆ ಕಾಣುತ್ತದೆ. ಆ ದಿನಕ್ಕೆ ಆ ತಾರೀಖು ಎಲ್ಲಿಂದ ಬಂತು? ಆಫ್ರಿಕಾದ ತೆಂಕಣ ತುದಿಯ ಹತ್ತಿರ ನಮೀಬಿಯಾ ಎಂಬ ದೇಶವಿದೆ. ಅದರ ರಾಜಧಾನಿ ವಿಂಡ್‌ಹುಕ್. 1990ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕದ ಹಿಡಿತದಿಂದ ಬಿಡಿಸಿಕೊಂಡು ಸ್ವತಂತ್ರವಾದ ಆ ನಾಡು, ಇನ್ನೂ ಅಂಗಳದ ಚಪ್ಪರ ಬಿಚ್ಚುವ ಮೊದಲೇ ಎಂಬಂತೆ, ಮಾರನೆಯ ವರ್ಷ ಒಂದು ದೊಡ್ಡ ಕೂಟಕ್ಕೆ ಮನೆಬಾಗಿಲು ತೆರೆಯಿತು. 1991ರ ಏಪ್ರಿಲ್ 29ರಿಂದ ಮೇ 3ರವರೆಗೆ ಆಫ್ರಿಕಾ ಖಂಡದ ಪತ್ರಕರ್ತರು ಅಲ್ಲಿ ಸೇರಿದರು. ಕರೆದವರು ವಿಶ್ವಸಂಸ್ಥೆ ಮತ್ತು ಯುನೆಸ್ಕೋ. ಕೊನೆಯ ದಿನ ಹೊರಬಿದ್ದದ್ದೇ ವಿಂಡ್‌ಹುಕ್ ಘೋಷಣೆ. 1993ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ಕೊನೆಯ ದಿನವನ್ನೇ ಜಗತ್ತಿಗೆಲ್ಲ ಆಚರಣೆಯ ದಿನವಾಗಿ ಗೊತ್ತುಮಾಡಿತು.

ಘೋಷಣೆಗಳೆಂದರೆ ನಮಗೆ ಹೊಸದಲ್ಲ. ನಮ್ಮ ಕಚೇರಿಯ ಬೀರುಗಳ ತುಂಬ ಅವೇ ಇವೆ. ಆದರೆ ಇದರಲ್ಲಿ ಒಂದು ವಿಶೇಷ ಕಂಡಿತು. ಸ್ವತಂತ್ರ ಪತ್ರಿಕೆಯೆಂದರೆ ಯಾವುದು ಎಂಬುದನ್ನು ಲೆಕ್ಕ ಬಲ್ಲವರ ಹಾಗೆ ಬಿಡಿಸಿ ಹೇಳಿದ್ದಾರೆ. ಸರ್ಕಾರದ ಹಿಡಿತವೂ ಇರಬಾರದು, ರಾಜಕೀಯದ ಹಿಡಿತವೂ ಇರಬಾರದು, ಹಣದ ಹಿಡಿತವೂ ಇರಬಾರದು; ಪತ್ರಿಕೆಯನ್ನು ಅಚ್ಚುಹಾಕಿ ಹಂಚಲು ಬೇಕಾಗುವ ಸಾಮಗ್ರಿಯ ಮೇಲೂ ಯಾರ ಬಿಗಿಮುಷ್ಟಿಯೂ ಇರಬಾರದು. ಒಂದೇ ಒಂದು ಸ್ವತಂತ್ರ ಪತ್ರಿಕೆಯಿದ್ದರೂ ಸಾಲದು; ಹಲವು ಇರಬೇಕು, ಹಲವು ಬಗೆಯವು ಇರಬೇಕು. ಅದೇ ಕಾಗದದಲ್ಲಿ ಎರಡು ಸಂಖ್ಯೆಗಳಿವೆ. ಆ ಹೊತ್ತಿಗೆ ಆಫ್ರಿಕಾದ ಸೆರೆಮನೆಗಳಲ್ಲಿ ಕನಿಷ್ಠ 17 ಮಂದಿ ಪತ್ರಿಕೋದ್ಯಮಿಗಳಿದ್ದರು. 1969ರಿಂದ 1990ರವರೆಗೆ ವೃತ್ತಿಯ ಕಾರಣದಿಂದಲೇ 48 ಮಂದಿ ಕೊಲೆಯಾಗಿದ್ದರು.

ಈ ಅಂಕಿಗಳು ಬಹಳ ದಿನ ನಮಗೆ ಬರಿಯ ಅಂಕಿಗಳಾಗಿಯೇ ಇದ್ದುವು. ಅವು ನಮ್ಮ ಮನೆಯ ಹೊಸ್ತಿಲು ದಾಟಿದ್ದು ತಂಗಿಗೆ ಸಂಬಂಧ ಬಂದಾಗ.

ತಂಗಿ ದಿಲ್ಲಿಯಲ್ಲಿಯೇ ಶಾಲೆಯ ಉಪಾಧ್ಯಾಯಿನಿ. ಹುಡುಗ ಹಾಸನದ ಕಡೆಯವನು, ಇಲ್ಲಿಯ ದಿನಪತ್ರಿಕೆಯೊಂದರಲ್ಲಿ ವರದಿಗಾರ. ಜಾತಕ ಕೂಡಿತು, ಮನೆತನ ಒಪ್ಪಿತು. ಊರಿನಿಂದ ಬಂದಿದ್ದ ದೊಡ್ಡಮ್ಮ ಮಾತ್ರ, "ಅದೆಲ್ಲ ಸರಿಯಪ್ಪ, ಹುಡುಗನಿಗೆ ಕೆಲಸ ಏನು?" ಎಂದರು.

"ವರದಿ ಬರೆಯುವುದು, ದೊಡ್ಡಮ್ಮ."

"ಅದು ಗೊತ್ತಾಯಿತು ಕಣೋ. ಸಂಬಳಕ್ಕೆ ಏನು ಮಾಡುತ್ತಾನೆ?"

ಎಲ್ಲರೂ ನಕ್ಕೆವು. ಆದರೆ ಆ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ. ದೊಡ್ಡಮ್ಮನಿಗೆ ಪಿಂಚಣಿಯ ಚಿಂತೆ. ನಮ್ಮ ತಲೆಯೊಳಗೆ ಆ 17, ಆ 48 ಓಡಾಡತೊಡಗಿದ್ದುವು. ಕೊಲಂಬಿಯಾ ದೇಶದ ಗಿಯೆರ್ಮೊ ಕಾನೋ ಎಂಬ ಸಂಪಾದಕರ ಕಥೆಯೂ ನೆನಪಾಯಿತು. ಮಾದಕ ವಸ್ತುಗಳ ದೊರೆಗಳ ವಿರುದ್ಧ ನಿರ್ಭಯವಾಗಿ ಬರೆದ ಅವರನ್ನು 1986ರ ಡಿಸೆಂಬರ್ 17ರಂದು ಬೊಗೊಟಾ ನಗರದಲ್ಲಿ, ಅವರ ಪತ್ರಿಕಾ ಕಚೇರಿಯ ಮುಂದೆಯೇ, ಗುಂಡಿಟ್ಟು ಕೊಂದರು. 1997ರಿಂದ ಯುನೆಸ್ಕೋ ಅವರ ಹೆಸರಿನಲ್ಲಿ ಬಹುಮಾನ ಕೊಡುತ್ತಿದೆ. ಬಹುಮಾನ ದೊಡ್ಡದೇ. ಆದರೆ ಒಡಹುಟ್ಟಿದವಳನ್ನು ಧಾರೆಯೆರೆದು ಕೊಡಬೇಕಾದವರಿಗೆ ಬಹುಮಾನಕ್ಕಿಂತ ಗುಂಡಿನ ಸದ್ದೇ ಮೊದಲು ಕೇಳುತ್ತದೆ.

ಮುಂದಿನ ಭಾನುವಾರ ಹುಡುಗ ಮನೆಗೆ ಬಂದ. ಉಪ್ಪಿಟ್ಟು, ಕಾಫಿ ಆಯಿತು. ನಾವು ಸಂಕೋಚ ಬಿಟ್ಟು, "ನಿಮ್ಮ ಕೆಲಸದಲ್ಲಿ ಹೆದರಿಕೆಯಿಲ್ಲವೇ?" ಎಂದು ಕೇಳಿಯೇಬಿಟ್ಟೆವು.

"ಇದೆ" ಎಂದ. "ಆದರೆ ನೀವು ಅಂದುಕೊಂಡ ಜಾಗದಲ್ಲಿಲ್ಲ. ಮನೆ ಕಟ್ಟಿಸಿಕೊಡುವ ಕಂಪನಿಯೊಂದು ಜನರಿಂದ ಹಣ ಕಟ್ಟಿಸಿಕೊಂಡು ವರ್ಷಗಟ್ಟಲೆ ಸತಾಯಿಸುತ್ತಿತ್ತು. ಮೂರು ತಿಂಗಳು ಅಲೆದು ಕಾಗದಪತ್ರ ಕೂಡಿಸಿ ಬರೆದೆ. ಯಾರೂ ಬೆದರಿಸಲಿಲ್ಲ. ವರದಿ ಅಚ್ಚಾಗಲಿಲ್ಲ, ಅಷ್ಟೆ. ಅದು ಬರಬೇಕಾಗಿದ್ದ ಪುಟದಲ್ಲಿ ಅದೇ ಕಂಪನಿಯ ಜಾಹೀರಾತು ಬಂತು."

ನಾವು ಸುಮ್ಮನಾದೆವು. ಕಡತ ಬಲ್ಲವರಿಗೆ ಈ ವಿದ್ಯೆ ಹೊಸದಲ್ಲ. ಬೇಡವೆನ್ನುವುದಕ್ಕಿಂತ ಕೆಳಗೆ ಹಾಕಿ ಕೂರುವುದು ಸುಲಭ. ವಿಂಡ್‌ಹುಕ್ಕಿನಲ್ಲಿ ಹಣದ ಹಿಡಿತವೆಂದು ಬೇರೆಯಾಗಿ ಬರೆದದ್ದೇಕೆ ಎಂಬುದು ಆ ಉಪ್ಪಿಟ್ಟಿನ ತಟ್ಟೆಯ ಮುಂದೆ ನಮಗೆ ಚೆನ್ನಾಗಿ ತಿಳಿಯಿತು. ನಮ್ಮ ದೇಶದ ಪತ್ರಿಕೆಗಳು ಮೊದಲಿನ ದಶಕಗಳಲ್ಲಿ ಸೆಣಸಿದ್ದು ಸರ್ಕಾರದ ಅಳತೆಗೋಲಿನೊಡನೆ. ಇಂತಿಷ್ಟು ಬೆಲೆಗೆ ಇಂತಿಷ್ಟೇ ಪುಟವೆಂದು 1956ರಲ್ಲಿ ಕಾಯಿದೆ ಬಂತು; ಪುಣೆಯ 'ಸಕಾಳ' ಪತ್ರಿಕೆಯವರು ಸುಪ್ರೀಂ ಕೋರ್ಟಿಗೆ ಹೋಗಿ 1961ರಲ್ಲಿ ಅದನ್ನು ಹೊಡೆದುಹಾಕಿಸಿದರು. ಆಮೇಲೆ ಮುದ್ರಣ ಕಾಗದದ ಹಂಚಿಕೆಯ ನೆಪದಲ್ಲಿ ಹತ್ತು ಪುಟದ ಮಿತಿ ಬಂತು. 1972ರಲ್ಲಿ ಅದೂ ಬಿದ್ದಿತು. ಅಳತೆಗೋಲನ್ನು ನ್ಯಾಯಾಲಯಕ್ಕೆ ಎಳೆಯಬಹುದು. ಅಚ್ಚಾಗದೆ ಉಳಿದ ವರದಿಯನ್ನು ಯಾವ ನ್ಯಾಯಾಲಯಕ್ಕೆ ಎಳೆಯುವುದು?

ಅಷ್ಟರಲ್ಲಿ ತಂಗಿ ಬಾಯಿ ತೆರೆದಳು. "ಒಂದು ಕೇಳಲೇ? ಮುಂದೆ ಯಾವತ್ತಾದರೂ ಯಾರಾದರೂ ಬೆದರಿಸಿದರೆ ಮನೆಯಲ್ಲಿ ಹೇಳುತ್ತೀರೋ, ಮುಚ್ಚಿಡುತ್ತೀರೋ?"

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಸಂಪಾದಕರಿಗಿಂತ ಮೊದಲು ನಿಮಗೆ ಹೇಳುತ್ತೇನೆ" ಎಂದ.

"ಹಾಗಾದರೆ ಸರಿ" ಎಂದು ತಂಗಿ ಕಾಫಿಯ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸಂಬಂಧ ಗೊತ್ತಾದದ್ದು ಆ ಮಾತಿನಲ್ಲಿ. ಲಗ್ನಪತ್ರಿಕೆ ಬರೆದದ್ದು ನೆಪಮಾತ್ರ.

ಮದುವೆಯಾಗಿ ಈಗ ಎರಡು ವರ್ಷ. ಭಾವಮೈದುನ ರಾತ್ರಿ ತಡವಾಗಿ ಬರುವುದುಂಟು. ಹನ್ನೊಂದು ದಾಟಿದರೆ ತಂಗಿ ನಮಗೆ ಫೋನು ಮಾಡುತ್ತಾಳೆ; ವಿಷಯವೇನೂ ಇರುವುದಿಲ್ಲ, ಮಗುವಿನ ನೆಗಡಿ, ತರಕಾರಿಯ ಬೆಲೆ. ಅವನು ಬಾಗಿಲು ತಟ್ಟಿದ ಸದ್ದು ನಮಗೂ ಕೇಳಿಸುತ್ತದೆ. ಕೂಡಲೇ "ಇಡುತ್ತೇನೆ ಅಣ್ಣ" ಎನ್ನುತ್ತಾಳೆ. ಹೊತ್ತಾರೆ ನಾವು ಕಾಫಿಯೊಡನೆ ಓದುವ ಆರೇಳು ಸಾಲುಗಳ ಹಿಂದೆ ಇಂಥ ಎಷ್ಟು ಮನೆಗಳ ಎಷ್ಟು ಹನ್ನೊಂದು ಗಂಟೆಗಳಿವೆಯೋ!

ಹಾಗಾದರೆ ಓದುವವರ ಪಾಲೇನು? ಇದಕ್ಕೂ ನಮೀಬಿಯಾದಲ್ಲಿಯೇ ಉತ್ತರವುಂಟು. ಅಲ್ಲಿ 'ದಿ ನಮೀಬಿಯನ್' ಎಂಬ ಪತ್ರಿಕೆಯನ್ನು 1985ರಲ್ಲಿ ಆರಂಭಿಸಿದವರು ಗ್ವೆನ್ ಲಿಸ್ಟರ್ ಎಂಬ ಮಹಿಳೆ. ಪರರ ಆಳ್ವಿಕೆಯಿದ್ದಾಗ, 1988ರಲ್ಲಿ, ಆ ಕಚೇರಿಗೆ ಬೆಂಕಿ ಬಿತ್ತು, ಪತ್ರಿಕೆ ನಿಲ್ಲಲಿಲ್ಲ. 1991ರ ಕೂಟವನ್ನು ನಡೆಸಿಕೊಟ್ಟವರಲ್ಲಿ ಲಿಸ್ಟರ್ ಅವರೂ ಒಬ್ಬರು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದ ಮೇಲೆ, ತಮ್ಮವರೇ ಆದ ಸರ್ಕಾರಕ್ಕೆ ಆ ಪತ್ರಿಕೆಯ ಟೀಕೆ ಹಿಡಿಸಲಿಲ್ಲ. 2000ದ ಕೊನೆಯಲ್ಲಿ ಸರ್ಕಾರಿ ಜಾಹೀರಾತು ನಿಂತಿತು. 2001ರಲ್ಲಿ, ಸರ್ಕಾರದ ಹಣದಿಂದ ಯಾವ ಕಚೇರಿಯೂ ಅದನ್ನು ಕೊಳ್ಳಕೂಡದೆಂದು ಆಜ್ಞೆಯಾಯಿತು. ಈ ನಿರ್ಬಂಧ ತೆಗೆದದ್ದು 2011ರಲ್ಲಿ. ಅಲ್ಲಿಯ ನಮ್ಮಂಥ ಗುಮಾಸ್ತರು ಆ ಹತ್ತು ವರ್ಷ ಏನು ಮಾಡಿರಬಹುದೆಂದು ನಾವು ಊಹಿಸಬಲ್ಲೆವು. ಮೇಜಿನ ಮೇಲೆ ಬರಕೂಡದೆಂದ ಪತ್ರಿಕೆ ಊಟದ ಡಬ್ಬಿಯ ಜೊತೆ ಚೀಲದಲ್ಲಿ ಬಂದೇ ಬರುತ್ತದೆ. ಜನ ಸ್ವಂತ ಕಾಸು ಕೊಟ್ಟು ಕೊಂಡರು, ಪತ್ರಿಕೆ ಬದುಕಿತು.

2021ರಲ್ಲಿ, ಮೂವತ್ತು ವರ್ಷ ತುಂಬಿದಾಗ, ವಿಂಡ್‌ಹುಕ್ಕಿನಲ್ಲಿ ಮತ್ತೆ ಕೂಟ ಸೇರಿತು. ಈ ಸಲದ ದೊಡ್ಡ ಚಿಂತೆ ಸೆರೆಮನೆಯೊಂದೇ ಅಲ್ಲ. ಜಾಹೀರಾತಿನ ಹಣವೆಲ್ಲ ಅಂತರ್ಜಾಲದ ದೊಡ್ಡ ಕಂಪನಿಗಳ ಕಡೆ ಹರಿದು, ಊರೂರಿನ ಪತ್ರಿಕೆಗಳು ಬಡವಾಗುತ್ತಿವೆ ಎಂಬುದು. ಮಾಹಿತಿಯೆಂಬುದು ಊರಬಾವಿಯ ನೀರಿನಂತೆ ಎಲ್ಲರ ಸ್ವತ್ತು ಎಂಬುದೇ ಆ ಕೂಟದ ಸಾರ. ಬಾವಿ ಎಲ್ಲರದೂ ನಿಜ. ಹೂಳು ತೆಗೆಸುವ ಖರ್ಚಿಗೆ ಮಾತ್ರ ಮನೆಗಿಷ್ಟು ಎಂದು ವಂತಿಗೆ ಕೊಡಲೇಬೇಕಷ್ಟೆ.

ನಮ್ಮ ಮನೆಗೆ ಈಗ ಎರಡು ಪತ್ರಿಕೆ ಬರುತ್ತವೆ. ಒಂದು ಭಾವಮೈದುನನದು, ಇನ್ನೊಂದು ಅದರ ಎದುರಾಳಿಯದು. ಎರಡನೆಯದನ್ನು ತರಿಸಿರೆಂದು ಹೇಳಿದವನೂ ಅವನೇ: "ಭಾವ, ನಮ್ಮಲ್ಲಿ ಬಾರದೆ ಹೋದದ್ದು ಅಲ್ಲಿ ಬಂದಿರಬಹುದು, ನೋಡಿ." ತಿಂಗಳ ಕೊನೆಗೆ ಲೆಕ್ಕ ಬರೆಯುವಾಗ ನಮ್ಮಾಕೆ, "ಇದೊಂದು ಯಾಕೆ, ನಿಲ್ಲಿಸಬಾರದೇ?" ಎನ್ನುವುದುಂಟು. ಊರಬಾವಿಯ ವಂತಿಗೆಯೆಂದು ಬರೆದುಕೋ ಎನ್ನುತ್ತೇವೆ. ಆಕೆ ಬರೆದುಕೊಳ್ಳುವುದು ಮಾತ್ರ, "ಪೇಪರು, ಎರಡು" ಎಂದೇ.