ಡಂಗುರವೂ ಗಣಕಯಂತ್ರವೂ

ಕಬಿನಿ ಜಲಾಶಯದ ಬಾಗಿಲುಗಳನ್ನು ತೆರೆಯುವ ಮುನ್ನ ನದೀತೀರದ ಜನರಿಗೆ ಎಚ್ಚರಿಕೆ ನೀಡುವುದು ವಾಡಿಕೆ. ಬೀಚನಹಳ್ಳಿಯಲ್ಲಿ 1974ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನಿಂದ ಹೊರಟ ನೀರು ನಂಜನಗೂಡನ್ನು ಹಾಯ್ದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. 2018 ಮತ್ತು 2019ರ ಪ್ರವಾಹಗಳಲ್ಲಿ ನಂಜನಗೂಡಿನ ಹದಿನಾರು ಕಂಬದ ಮಂಟಪವು ಜಲಾವೃತವಾದುದನ್ನು ಕಂಡವರಿಗೆ ಈ ಎಚ್ಚರಿಕೆಯ ಬೆಲೆ ತಿಳಿದೇ ಇದೆ. ಬಾಗಿಲು ಯಾರ ಕೈಯಲ್ಲಿದೆಯೋ, ಮೊದಲ ಮಾತೂ ಅವರಿಂದಲೇ ಹೊರಡಬೇಕು.

ಶಾಲೆಯ ಗಣಕಯಂತ್ರದ ಕೊಠಡಿಗೂ ಇದೇ ಧರ್ಮ. ಅಲ್ಲಿ ಸರ್ವರ್ ಎಂಬುದು ಎಲ್ಲರ ಕಡತಗಳನ್ನು ಕಾಯುವ ಕಣಜ. ಗುಮಾಸ್ತರ ಅಂಕಪಟ್ಟಿ, ಅಧ್ಯಾಪಕರ ಪ್ರಶ್ನೆಪತ್ರಿಕೆ, ವಿದ್ಯಾರ್ಥಿಯ ಪ್ರಬಂಧ ಏಕಕಾಲದಲ್ಲಿ ಅಲ್ಲಿ ತೆರೆದಿರುತ್ತವೆ. ಮೇಲ್ವಿಚಾರಕನು ಸದ್ದಿಲ್ಲದೆ ಅದನ್ನು ನಿಲ್ಲಿಸಿದರೆ, ಉಳಿಸದೆ ಬಿಟ್ಟ ಬರಹವೆಲ್ಲ ನೀರುಪಾಲು. ಆದಕಾರಣ ಆಜ್ಞೆಯ ಸಾಲಿನಿಂದ ಎಲ್ಲರಿಗೂ ಸಂದೇಶ ಕಳುಹಿಸುವ ಪದ್ಧತಿ ಬೆಳೆಯಿತು.

ಯುನಿಕ್ಸ್ ಯಂತ್ರಗಳಲ್ಲಿ 'ವಾಲ್' ಎಂಬ ಆಜ್ಞೆಯಿದೆ. ಆದರೆ ಅದು ಸರ್ವರಿನೊಳಗೇ ಲಾಗಿನ್ ಆದವರ ಪರದೆಯನ್ನು ಮಾತ್ರ ಮುಟ್ಟುತ್ತದೆ; ದೂರದ ಯಂತ್ರದಿಂದ ಕಡತವನ್ನಷ್ಟೇ ತೆರೆದವನಿಗೆ ಅದು ಕೇಳಿಸದು. ಆ ಕೊರತೆಯನ್ನು ತುಂಬಲು ಸಾಂಬಾ ತಂತ್ರಾಂಶದಲ್ಲಿ ದಾರಿಯಿತ್ತು. ಹೆಸರನ್ನು ಕೇಳಿ ಅಂಬಾಸಹಿತನಾದ ಶಿವನೆಂದು ಭಾವಿಸಬೇಕಾಗಿಲ್ಲ. ಎಸ್, ಎಂ, ಬಿ ಎಂಬ ವ್ಯಂಜನಗಳಿಗೆ ಸ್ವರ ಕೂಡಿಸಿದ ನಾಮವದು. 1992ರಲ್ಲಿ ಆಸ್ಟ್ರೇಲಿಯದ ಆಂಡ್ರೂ ಟ್ರಿಡ್ಜೆಲ್ ಅದನ್ನು ಆರಂಭಿಸಿದರು. 'ಎಸ್‌ಎಂಬಿಕ್ಲೈಂಟ್ -ಎಂ' ಎಂದು ಬರೆದು, ಎದುರಿನ ಯಂತ್ರದ ಹೆಸರನ್ನು ಕೊಟ್ಟು, ಸಂದೇಶವನ್ನು ಟೈಪು ಮಾಡಿ ಕಂಟ್ರೋಲ್-ಡಿ ಒತ್ತಿದರೆ ಅಲ್ಲಿ ಪುಟ್ಟ ಕಿಟಕಿ ತೆರೆಯುತ್ತಿತ್ತು. 1600 ಬೈಟುಗಳನ್ನು ಮೀರಿದ ಭಾಗ ಕತ್ತರಿಸಿಹೋಗುತ್ತಿತ್ತು. ಎದುರಿನವನು ಗ್ರಾಹಕ ತಂತ್ರಾಂಶವನ್ನು ತೆರೆದಿರದಿದ್ದರೆ ಸಂದೇಶವೇ ಲುಪ್ತವಾಗುತ್ತಿತ್ತು; ಕಳುಹಿಸಿದವನಿಗೆ ಮಾತ್ರ ಆ ಲೋಪದ ಸುಳಿವೇ ಇರುತ್ತಿರಲಿಲ್ಲ.

ವಿಂಡೋಸ್‌ನ 'ನೆಟ್ ಸೆಂಡ್' ಆಜ್ಞೆಯ ಕಥೆ ಬೇರೆ. ಜಾಹೀರಾತುಗಾರರು ಆ ದಾರಿಯನ್ನು ಕೆಡಿಸಿದರು. ವಿಂಡೋಸ್ ಎಕ್ಸ್‌ಪಿಯ 2004ರ ಪರಿಷ್ಕರಣದಲ್ಲಿ ಆ ಸೇವೆಯನ್ನು ಮುಚ್ಚಿಡಲಾಯಿತು. ಮುಂದಿನ ವಿಸ್ಟಾದಲ್ಲಿ ಅದು ಉಳಿಯಲೇ ಇಲ್ಲ. ಡಂಗುರದವನು ಸಂತೆಯ ಸರಕನ್ನೇ ಸಾರತೊಡಗಿದರೆ ಊರು ಕಿವಿ ಮುಚ್ಚಿಕೊಳ್ಳದೆ ಇರುವುದೇ?

ಹಿಂದೆ ಬೀದಿಯಲ್ಲಿ ತಮಟೆ ಬಾರಿಸಿ ಸಾರಿದ ಮಾತು ಹೊಲದಲ್ಲಿದ್ದವನಿಗೆ ಕೇಳಿಸುತ್ತಿರಲಿಲ್ಲ. ನೆರೆಯವನು ಹೋಗಿ ತಿಳಿಸಬೇಕಾಗಿತ್ತು. ಇಂದಿಗೂ ವಿವೇಕಿಯಾದ ಮೇಲ್ವಿಚಾರಕನು 'ಎಸ್‌ಎಂಬಿಸ್ಟೇಟಸ್' ಆಜ್ಞೆಯಿಂದ ಯಾರು ಯಾವ ಕಡತವನ್ನು ತೆರೆದಿದ್ದಾರೆಂದು ಮೊದಲು ನೋಡುತ್ತಾನೆ. ವಿಂಡೋಸ್‌ನ 'ಎಂಎಸ್‌ಜಿ' ಆಜ್ಞೆಗೆ 'ಡಬ್ಲ್ಯು' ಎಂಬ ಅಕ್ಷರವನ್ನು ಸೇರಿಸಿದರೆ, ಓದುಗನು ಕಂಡೆನೆಂದು ಒಪ್ಪುವುದನ್ನು ಯಂತ್ರವೇ ನಿಂತು ಕಾಯುತ್ತದೆ. ಉತ್ತರ ಬಾರದಿದ್ದರೆ ಮೇಲ್ವಿಚಾರಕನೇ ಎದ್ದು ಪಕ್ಕದ ಕೊಠಡಿಗೆ ನಡೆಯಬೇಕು.

ಸಂದೇಶದ ವ್ಯಾಕರಣ ಸರಳ: ಏನು ನಿಲ್ಲುವುದು, ಎಷ್ಟು ಹೊತ್ತಿಗೆ, ಓದಿದವನು ಮಾಡಬೇಕಾದುದೇನು. "ಹತ್ತು ನಿಮಿಷದಲ್ಲಿ ಸರ್ವರ್ ನಿಲ್ಲುವುದು, ಕಡತಗಳನ್ನು ಉಳಿಸಿ ಮುಚ್ಚಿರಿ" ಎಂಬಷ್ಟು ಸಾಕು. ದಾನಿಗಳು ಯಂತ್ರವನ್ನು ಕೊಡಬಲ್ಲರು, ಅಧ್ಯಾಪಕರು ಆಜ್ಞೆಯನ್ನು ಕಲಿಸಬಲ್ಲರು. ಹೇಳಿದ ಮಾತು ಕೇಳುವವನನ್ನು ಮುಟ್ಟಿತೇ ಎಂದು ನೋಡುವ ಹೊಣೆ ಮಾತ್ರ ಬಾಗಿಲನ್ನು ಹಿಡಿದವನದೇ.